ವಾಗ್ಮಿಯ ಗೌರವಕ್ಕೆ ಒರೆಗಲ್ಲು

ಮಾತಿನಿಂದ ಮನಗೆದ್ದವರನ್ನು ಗೌರವಿಸುವುದು ನಮ್ಮ ನಾಡಿನ ಹಳೆಯ ನಡೆ. ಗೋವೆಯಲ್ಲಿ ನೆಲೆಸಿರುವ ನಾವೂ ರಾಜ್ಯೋತ್ಸವದಂದು ಭಾಷಣಕಾರರನ್ನು ಬರಮಾಡಿಕೊಂಡು, ಶಾಲು ಹೊದಿಸಿ, ಫಲತಾಂಬೂಲವಿತ್ತು ಕಳುಹಿಸುತ್ತೇವೆ. ಗಣಕಯಂತ್ರಕ್ಕೆ ತಂತ್ರಾಂಶ ರಚಿಸುವವರ ಸಮ್ಮೇಳನಗಳಲ್ಲಿಯೂ ಕೇಳುಗರು ಮೆಚ್ಚಿದ ವಾಗ್ಮಿಗೆ ಮನ್ನಣೆಯುಂಟು. ಆದರೆ ಆ ಮನ್ನಣೆ ಸಲ್ಲತಕ್ಕುದು ಯಾವುದಕ್ಕೆ? ಮಾತಿನ ಸೊಗಸಿಗೋ, ಮಾತಿನಿಂದಾದ ಕೆಲಸಕ್ಕೋ? ಇದು ವಿಚಾರಣೀಯ.

ಜನಪ್ರಿಯತೆಯನ್ನು ಕೀಳೆಂದು ತಳ್ಳಿಹಾಕುವವರಿದ್ದಾರೆ. ಅದು ಸರಿಯಲ್ಲ. ಒಬ್ಬರ ತಲೆಯಲ್ಲಿಯೇ ಉಳಿದ ವಿದ್ಯೆ ಹೂಳಿಟ್ಟ ಹೊನ್ನು. ಕಠಿಣವಾದುದನ್ನು ತಿಳಿಯಾಗಿ ಹೇಳುವುದು ದೊಡ್ಡ ಸೇವೆಯೇ. ಒಂದನೆಯ ಇಯತ್ತೆಗೆ ಕೂಡಿಸುವ ಲೆಕ್ಕ ಕಲಿಸುವ ನಮ್ಮಂಥವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ತರಗತಿ ಇನ್ನೊಂದನ್ನೂ ತೋರಿಸುತ್ತದೆ. ಪಾಠ ಕೇಳಿ ನಲಿದ ಮಕ್ಕಳೆಲ್ಲ ಪಾಠ ಕಲಿತವರಲ್ಲ. ಮರುದಿನ ಪಾಟಿಯ ಮೇಲೆ ತಾವಾಗಿ ಲೆಕ್ಕ ಬಿಡಿಸಿದವರೇ ಕಲಿತವರು. ಕರತಾಡನ ಅಂದಿನದು, ಫಲ ಮರುದಿನದ್ದು.

ನಮ್ಮ ನೆರೆಯ ಬೆಳಗಾವಿಯಲ್ಲಿ ಬೆಳೆದ ಅತುಲ್ ಚಿಟ್ನಿಸರು ಇಲ್ಲಿ ಸ್ಮರಣೀಯರು. ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳ ವಿಷಯದಲ್ಲಿ ಅವರು ಹೆಸರಾಂತ ಮಾತುಗಾರರು. ಆದರೆ ಮಾತಿನ ಹಿಂದೆ ದುಡಿಮೆಯಿತ್ತು. ಅಂತರ್ಜಾಲ ವಿರಳವಾಗಿದ್ದ 1996ರಲ್ಲಿ ‘ಪಿಸಿಕ್ವೆಸ್ಟ್’ ಪತ್ರಿಕೆಯು ಲಿನಕ್ಸನ್ನು ಸಿ.ಡಿ.ಯ ಮೂಲಕ ಓದುಗರ ಮನೆಗೆ ಮುಟ್ಟಿಸಿತು. ಆ ಯತ್ನದ ಹಿಂದೆ ಇದ್ದವರು ಚಿಟ್ನಿಸರು. 2001ರಲ್ಲಿ ಮೊದಲಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನವನ್ನು ಕಟ್ಟಿದವರಲ್ಲಿಯೂ ಅವರು ಪ್ರಮುಖರು. 2005ರಲ್ಲಿ ಅದು ‘ಫಾಸ್ ಡಾಟ್ ಇನ್’ ಎಂಬ ಹೆಸರು ತಳೆಯಿತು. 2008ರ ಸುಮಾರಿಗೆ, ಕೇಳಿ ಹೋದರೆ ಸಾಲದು, ಕೈಯೂ ಕೂಡಬೇಕೆಂದು, ಜೊತೆಯಾಗಿ ಕುಳಿತು ತಂತ್ರಾಂಶ ರಚಿಸುವ ಕೂಟಗಳಿಗೆ ಅಲ್ಲಿ ಎಡೆಮಾಡಲಾಯಿತು. 2013ರಲ್ಲಿ ಚಿಟ್ನಿಸರು ತೀರಿಕೊಂಡರು. ವಾಗ್ಮಿಯೊಬ್ಬರು ಕಟ್ಟಿದ ಸಭೆಯೇ ಮಾತಿನ ಮಿತಿಯನ್ನು ಅರಿತುಕೊಂಡದ್ದು ಯಾವ ಪದಕಕ್ಕಿಂತಲೂ ಹಿರಿದೆಂದು ನಮ್ಮ ಭಾವನೆ.

ಇದೇ ಅರಿವು ಇನ್ನೊಂದು ಕಡೆಯೂ ಕಾಣುತ್ತದೆ. ಪೈಥಾನ್ ಎಂಬ ಗಣಕಭಾಷೆಯನ್ನು ಬಳಸುವವರ ‘ಪೈಕಾನ್ ಇಂಡಿಯಾ’ ಸಮ್ಮೇಳನ 2009ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅದಕ್ಕಾಗಿ ದುಡಿದ ಕೆನೆತ್ ಗೊನ್ಸಾಲ್ವಿಸರು 2012ರಲ್ಲಿ ನಿಧನರಾದರು. ಅವರ ಹೆಸರಿನಲ್ಲಿ ಅಲ್ಲಿ ನೀಡುತ್ತ ಬಂದಿರುವ ಪ್ರಶಸ್ತಿ ಒಂದು ಗಳಿಗೆಯ ಭಾಷಣಕ್ಕಲ್ಲ, ಆ ಬಳಗಕ್ಕೆ ಸಲ್ಲಿಸಿದ ಸೇವೆಗೆ.

ಚಪ್ಪಾಳೆಯೊಂದೇ ಅಳತೆಯಾದರೆ ಕೇಡು ಎರಡು ಬಗೆಯದು. ಮಾತನಾಡುವವರು ಸಭೆಗೆ ರುಚಿಸದ ಸತ್ಯವನ್ನು ನುಂಗಿಕೊಳ್ಳುತ್ತಾರೆ. ತೆರೆಯ ಮರೆಯಲ್ಲಿ ತಂತ್ರಾಂಶದ ತಪ್ಪುಗಳನ್ನು ತಿದ್ದುವವರು ಮರೆತೇಹೋಗುತ್ತಾರೆ. ತಾಳಮದ್ದಳೆಯಲ್ಲಿ ಭಾಗವತರ ಪದವಿಲ್ಲದೆ, ಎದುರಾಳಿಯ ಪ್ರಶ್ನೆಯಿಲ್ಲದೆ ಅರ್ಥಧಾರಿಯ ಮಾತು ಏಳದು. ವೇದಿಕೆಯ ಪ್ರತಿಯೊಂದು ಮಾತಿಗೂ ಹೀಗೆ ಕಾಣದ ಪಾಲುದಾರರುಂಟು.

ಆದುದರಿಂದ ವಾಗ್ಮಿಗೆ ಶಾಲು ಹೊದಿಸುವುದು ಬೇಡವೆಂದು ನಾವು ಹೇಳುವುದಿಲ್ಲ. ಹೊದಿಸೋಣ. ಆದರೆ ಶಾಲು ಸಭೆ ತೀರಿಸುವ ಋಣವಲ್ಲ, ಸಭೆ ಹೊರುವ ಋಣ. ಕೇಳಿದುದನ್ನು ಕೈಯಿಂದ ಮಾಡಿ, ತನಗಿಂತ ಕಿರಿಯರೊಬ್ಬರಿಗೆ ಕಲಿಸಿದ ದಿನ ಆ ಋಣ ಸಂದಾಯವಾಗುತ್ತದೆ. ಅಲ್ಲಿಯವರೆಗೆ ನಮ್ಮ ಚಪ್ಪಾಳೆ ಬರಿಯ ಸದ್ದು.