ಹರಳಿನ ಹುಡುಕಾಟ ಮತ್ತು ಅನರ್ಥದಂಡ

ಆಸ್ಟ್ರೇಲಿಯದ ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಮೌಂಟ್ ಸರ್ಪ್ರೈಸ್ ಎಂಬ ಸಣ್ಣ ಊರಿದೆ. ಅಲ್ಲಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರು ದೂರದಲ್ಲಿ ಓಬ್ರಿಯನ್ಸ್ ಕ್ರೀಕ್ ಎಂಬ ತೊರೆ ಹರಿಯುತ್ತದೆ. ಹರಿಯುತ್ತದೆ ಎನ್ನುವುದು ಹೆಚ್ಚಾಗಿ ಮಳೆಗಾಲಕ್ಕೆ ಸಲ್ಲುವ ಮಾತು. ಉಳಿದ ತಿಂಗಳುಗಳಲ್ಲಿ ಕಾಣುವುದು ಬಹುಪಾಲು ಮರಳೇ. ಗ್ರಾನೈಟ್ ಶಿಲೆ ಶಿಥಿಲಗೊಂಡು ಬಿಡುಗಡೆಯಾದ ಟೋಪಾಜ್ ಹರಳುಗಳು ಆ ಮರಳು ಜಲ್ಲಿಗಳ ನಡುವೆ ಹುದುಗಿವೆ. ಪ್ರವಾಸಿಗರು ಮಾರ್ಗದರ್ಶಕನೊಡನೆ ಬೆಳಿಗ್ಗೆ ಹೋಗಿ, ಗುದ್ದಲಿಯಿಂದ ಅಗೆದು, ಜರಡಿ ಹಿಡಿದು, ಸಂಜೆಗೆ ಹಿಂತಿರುಗುತ್ತಾರೆ. ಸಿಕ್ಕಿದ ಕಲ್ಲು ಸಿಕ್ಕವರದು.

ಇಂತಹ ವಿಹಾರದಲ್ಲಿ ಶ್ರಾವಕನು ಪಾಲ್ಗೊಳ್ಳಬಹುದೇ? ಪರದೇಶಗಳಲ್ಲಿ ನೆಲೆಸಿರುವ ಕುಟುಂಬಗಳ ಮಕ್ಕಳು ಗೆಳೆಯರೊಡನೆ ಹೊರಟು ನಿಂತಾಗ ತಾಯ್ತಂದೆಯರ ಮುಂದೆ ಬರುವ ಪ್ರಶ್ನೆಯಿದು.

ಅದತ್ತಾದಾನದ ಶಂಕೆ ಮೊದಲು ಹುಟ್ಟುತ್ತದೆ. ರಾಜ್ಯದ 1994ರ ಕಾಯಿದೆಯಂತೆ ಹರಳು ಹುಡುಕುವವರು ಪರವಾನಗಿ ಪಡೆಯಬೇಕು. ಕೈ ಉಪಕರಣಗಳಿಗೆ ಮಾತ್ರ ಅನುಮತಿ, ಯಂತ್ರಗಳಿಗಿಲ್ಲ. ಆದುದರಿಂದ ರಾಜ್ಯನೀತಿಯ ದೃಷ್ಟಿಯಲ್ಲಿ ಇದು ಕಳವಲ್ಲ. ಆದರೆ ಆ ಸೀಮೆ ಎವಾಮಿಯನ್ ಜನರ ಪಾರಂಪರಿಕ ಭೂಮಿ. ಅವರ ಹಕ್ಕನ್ನು ನ್ಯಾಯಾಲಯ ಮಾನ್ಯಮಾಡಿದ್ದು 2013ರಲ್ಲಿ. ಕೊಟ್ಟವನು ನಿಜವಾಗಿ ಕೊಡಬಲ್ಲವನೇ ಎಂಬ ವಿಚಾರವನ್ನು ಪರವಾನಗಿಯ ಚೀಟಿಯೊಂದೇ ಮುಗಿಸಲಾರದು.

ಇದಕ್ಕಿಂತ ಸೂಕ್ಷ್ಮವಾದುದು ಹಿಂಸೆಯ ಪ್ರಶ್ನೆ. ನೆಲದೊಳಗಣ ರತ್ನಗಳನ್ನೂ ಆಗಮ ಪರಂಪರೆ ಪೃಥ್ವೀಕಾಯದ ಪ್ರಭೇದಗಳಲ್ಲಿ ಎಣಿಸುತ್ತದೆ. ಗೃಹಸ್ಥನಿಗೆ ಸ್ಥಾವರ ಹಿಂಸೆಯನ್ನು ಪೂರ್ಣವಾಗಿ ಬಿಡುವುದು ಅಶಕ್ಯ. ಬಾವಿ ತೋಡಬೇಕು, ಮನೆಗೆ ಅಡಿಪಾಯ ಹಾಕಬೇಕು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ದೋಷವೆಂದು ಎತ್ತಿ ತೋರಿಸುವುದು ನಿಷ್ಪ್ರಯೋಜನವಾಗಿ ನೆಲ, ನೀರುಗಳನ್ನು ಕಲಕುವುದನ್ನು. ಅದಕ್ಕೆ ಪ್ರಮಾದಚರ್ಯೆ ಎಂದು ಹೆಸರು. ಅನರ್ಥದಂಡದ ಐದು ಭೇದಗಳಲ್ಲಿ ಅದೊಂದು. ಒದ್ದೆ ಮರಳಿನಲ್ಲಿ ತ್ರಸಜೀವಿಗಳೂ ಇರುತ್ತವೆ ಎಂಬುದನ್ನು ಮರೆಯಲಾಗದು.

ಹಾಗಾದರೆ ತೊರೆಯಲ್ಲಿ ಅಗೆಯುವುದಕ್ಕೆ ಪ್ರಯೋಜನವೇನು? ಹಣವಂತೂ ಅಲ್ಲ. ಅಲ್ಲಿ ದೊರೆಯುವ ಟೋಪಾಜ್ ಬಹುಪಾಲು ಬಣ್ಣವಿಲ್ಲದ್ದು, ಕೆಲವು ತಿಳಿನೀಲಿ. ಬಣ್ಣವಿಲ್ಲದ ಕಲ್ಲಿಗೆ ವಿಕಿರಣ ಹಾಯಿಸಿ ಕಡುನೀಲಿ ಮಾಡುವ ವಿಧಾನ ಬಂದ ಮೇಲೆ ನೀಲಿ ಟೋಪಾಜ್ ಅಗ್ಗದ ಸರಕಾಗಿದೆ. ಬೆಲೆಯಿಲ್ಲದ್ದನ್ನು ಹುಡುಕುವುದರಲ್ಲಿ ಲೋಭವೆಲ್ಲಿ ಎಂದು ವಾದಿಸುವವರುಂಟು. ವಾದ ಆಕರ್ಷಕವಾದರೂ ನಿಲ್ಲುವುದಿಲ್ಲ. ಪರಿಗ್ರಹವೆಂದರೆ ಮೂರ್ಛೆ, ವಸ್ತುವಿನ ಬೆಲೆಯಲ್ಲ. ಜರಡಿ ಹಿಡಿದವನನ್ನು ಗಮನಿಸಿದರೆ ಇದು ತಿಳಿಯುತ್ತದೆ. ಮೊದಲ ಹರಳು ಸಿಕ್ಕಿದಾಗ ಆಗುವುದು ಬೆರಗು. ಸೂರ್ಯನಿಗೆ ಹಿಡಿದು ನೋಡುತ್ತಾನೆ, ಸ್ಫಟಿಕಕ್ಕಿಂತ ಭಾರವೆಂದು ಅಂಗೈಯಲ್ಲಿ ತೂಗುತ್ತಾನೆ. ಭೂಮಿಯ ರಚನೆಯನ್ನು ಅರಿಯುವ ಆ ಗಳಿಗೆಗೆ ಪ್ರಯೋಜನವಿಲ್ಲವೆನ್ನುವುದು ಕಠೋರವಾದೀತು. ಹತ್ತನೆಯದು ಸಿಕ್ಕಿದಾಗ ಅವನು ನೋಡುವುದಿಲ್ಲ, ಚೀಲಕ್ಕೆ ಹಾಕುತ್ತಾನೆ. ಮಾರ್ಗದರ್ಶಕ ಹೊತ್ತಾಯಿತೆಂದು ಕೂಗಿದರೂ ಇನ್ನೊಂದು ಜರಡಿ ಎನ್ನುತ್ತಾನೆ. ಅನರ್ಥವು ಆರಂಭವಾಗುವುದು ಈ ಎರಡರ ನಡುವೆ ಎಲ್ಲಿಯೋ.

ಇದನ್ನೋದಿ ಆಭರಣದಂಗಡಿಯ ಗಿರಾಕಿ ನಿರಾಳನಾಗುವಂತಿಲ್ಲ. ಕೃತ, ಕಾರಿತ, ಅನುಮತ ಮೂರೂ ದೋಷದ ದಾರಿಗಳೇ. ವಜ್ರದ ಗಣಿಗಳಲ್ಲಿ ಅನೇಕ ಕಡೆ ಒಂದು ಟನ್ ಅದಿರಿಗೆ ದೊರೆಯುವುದು ಒಂದೆರಡು ಕ್ಯಾರೆಟ್. ಕ್ಯಾರೆಟ್ ಎಂದರೆ ಗ್ರಾಮಿನ ಐದನೆಯ ಒಂದು ಭಾಗ. ಉಂಗುರ ಕೊಂಡವನ ಕೈಗೆ ಮಣ್ಣು ಹತ್ತಿರುವುದಿಲ್ಲ, ತನಗಾಗಿ ತೋಡಿದ ಗುಂಡಿಯನ್ನು ಅವನು ಕಂಡಿರುವುದೂ ಇಲ್ಲ. ತೊರೆಯಲ್ಲಿ ಅಗೆದವನಾದರೋ ತನ್ನ ಗುಂಡಿಯ ಅಂಚಿನಲ್ಲೇ ನಿಂತಿರುತ್ತಾನೆ. ಅದರ ಆಳ ಅವನಿಗೆ ತಿಳಿದಿದೆ. ಹೊರಡುವ ಮುನ್ನ ಮರಳನ್ನು ಮತ್ತೆ ಅದರೊಳಕ್ಕೆ ತಳ್ಳುವುದೂ ಅವನ ಕೈಯಲ್ಲೇ ಇದೆ.