ನೋಡುವವರ ಹೊಣೆ

ಟೀವಿಯಲ್ಲಿ ಯಾರದೋ ಮನೆಯ ಜಗಳ ಕಂಡರೆ "ಎಂಥ ತಾಯಿ ಇವಳು!" ಅಂತ ನಾನೂ ಹೇಳಿಬಿಡುತ್ತೇನೆ. ಹೇಳಲು ನಾನು ಯಾರು?

1971ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಟ್ ಲೌಡ್ ಎಂಬ ಐದು ಮಕ್ಕಳ ತಾಯಿ ಏಳು ತಿಂಗಳು ಮನೆಯೊಳಗೆ ಕ್ಯಾಮೆರಾ ಬಿಟ್ಟುಕೊಂಡರು. 1973ರಲ್ಲಿ ಅದು 12 ಕಂತುಗಳಾಗಿ ಟೀವಿಯಲ್ಲಿ ಬಂತು. ಗಂಡನಿಗೆ ಮನೆ ಬಿಡಲು ಹೇಳಿದ್ದನ್ನೂ ಜನ ನೋಡಿದರು, ಹಲವರು ಜರೆದರು.

ಬಾಗಿಲು ತೆರೆದದ್ದು ಅವರೇ, ನಿಜ. ಆದರೆ ನೋಡಲು ಒಪ್ಪಿದರೆ ತೀರ್ಪಿಗೂ ಒಪ್ಪಿದ ಹಾಗೆಯಾ? ನಮ್ಮೂರಲ್ಲೂ ಬೇಲಿಯಾಚೆಯದ್ದೆಲ್ಲ ಕಾಣುತ್ತದೆ. ಆಡಿಕೊಂಡವರೇ ಕಷ್ಟ ಬಂದಾಗ ಗಂಜಿ ತರುತ್ತಾರೆ. ಟೀವಿ ನೋಡುವ ನನಗೆ ಆ ಹೊಣೆ ಇಲ್ಲ. ನಾಲಗೆ ಮಾತ್ರ ಇದೆ.

ಮಗ ಲ್ಯಾನ್ಸ್ 2001ರಲ್ಲಿ ತೀರಿಕೊಂಡ. ಅವನ ಆಸೆಯಂತೆ, ಬೇರೆಯಾಗಿದ್ದ ತಂದೆತಾಯಿ ಮತ್ತೆ ಒಟ್ಟಿಗೆ ಬಾಳಿದರು. 12 ಕಂತು ನೋಡಿ ತೀರ್ಪು ಕೊಟ್ಟವರಿಗೆ ಇದೆಲ್ಲಿ ಗೊತ್ತಿತ್ತು? ಬಾಯಿಗೆ ಬಂದದ್ದನ್ನು ಇನ್ನು ಸ್ವಲ್ಪ ತಡೆದುಕೊಳ್ಳಬೇಕು ನಾನು.