ಮುಪ್ಪಿನ ಎತ್ತು ಮತ್ತು ಗೃಹಸ್ಥನ ದಯೆ

ಬಿಂಡಿಗನವಿಲೆಯ ಸದ್ಭಕ್ತರೊಬ್ಬರ ಕೊಟ್ಟಿಗೆಯಲ್ಲಿ ಕಳೆದ ಕಾರ್ತೀಕ ಮಾಸದಲ್ಲಿ ಹಳ್ಳಿಕಾರ್ ತಳಿಯ ಎತ್ತೊಂದು ಮಲಗಿದ್ದು ಮೇಲೇಳದಾಯಿತು. ವಯಸ್ಸು 18ನ್ನು ದಾಟಿತ್ತು; ಅದರ ಜೊತೆಯೆತ್ತು ಮೊದಲೇ ಶಿವಾಧೀನವಾಗಿತ್ತು. ಪಶುವೈದ್ಯರು ಬಂದು ನೋಡಿ, ರೋಗಕ್ಕಿಂತ ಮುಪ್ಪೇ ಹೆಚ್ಚೆಂದೂ, ದವಡೆ ಹಲ್ಲು ಸವೆದು ಹುಲ್ಲು ಅರೆಯಲಾಗದೆ ಮೈ ಇಳಿದಿದೆಯೆಂದೂ, ಜಾರಿಬಿದ್ದಾಗ ಸೊಂಟಕ್ಕೆ ಪೆಟ್ಟಾಗಿದೆಯೆಂದೂ ಹೇಳಿ ಹೋದರು. ಆ ಸಂಜೆ ಭಕ್ತರು ನನ್ನಲ್ಲಿಗೆ ಬಂದು, "ಅಯ್ನೋರೇ, ಕಣ್ಣಲ್ಲಿ ನೋಡಾಕಾಗಾಕಿಲ್ಲ. ಒಂದು ಸೂಜಿ ಹಾಕಿಸಿ ಕಳಿಸಿಬಿಡೋದು ಪಾಪವೋ, ಹಿಂಗೇ ಬಿಡೋದು ಪಾಪವೋ?" ಎಂದು ಕೇಳಿದರು.

ಮೂವತ್ತು ವರ್ಷ ಪಾಠ ಹೇಳಿದವನಿಗೂ ಈ ಪ್ರಶ್ನೆಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ದಯೆಯೇ ಧರ್ಮದ ಬೇರೆಂದು ಬಸವಾದಿ ಪ್ರಮಥರು ಸಾರಿದ್ದಾರೆ, ಅದರಲ್ಲಿ ಸಂಶಯವಿಲ್ಲ. ಆದರೆ ದಯೆಯು ಇಲ್ಲಿ ಯಾವ ಕಡೆಗೆ ಕೈ ತೋರಿಸುತ್ತದೆ ಎಂಬುದೇ ಕಠಿಣ.

ಮೊದಲು ಆ ಭಕ್ತರ ಮಾತನ್ನೇ ವಿಚಾರಿಸೋಣ. "ನೋಡಾಕಾಗಾಕಿಲ್ಲ" ಎಂದರು. ನೋಡಲಾರದವರು ಯಾರು? ಎತ್ತಲ್ಲ, ಅವರು. ನೋಡುವವನ ಸಂಕಟವನ್ನು ತೀರಿಸುವುದು ಬೇರೆ, ನೋಯುವ ಜೀವದ ಸಂಕಟವನ್ನು ತೀರಿಸುವುದು ಬೇರೆ. ಸಂಸ್ಕೃತದಲ್ಲಿ ದಯೆಗೆ ಅನುಕಂಪಾ ಎಂಬ ಇನ್ನೊಂದು ಹೆಸರಿದೆ. ಅನುಸರಿಸಿ ಕಂಪಿಸುವುದು ಎಂದು ಅದರ ಅರ್ಥ. ಮೊದಲ ಕಂಪನವು ಆ ಪ್ರಾಣಿಯದು. ನಮ್ಮದು ಅದರ ಹಿಂದೆ ಬರತಕ್ಕದ್ದು. ನಮ್ಮ ನಡುಕವೇ ಮುಂದಾಗಿ ನಡೆದರೆ ಅದಕ್ಕೆ ಆ ಹೆಸರು ಸಲ್ಲುವುದಿಲ್ಲ.

ಹಾಗಾದರೆ ಬಾಯಿಲ್ಲದ ಜೀವದ ಇಂಗಿತವನ್ನು ತಿಳಿಯುವುದೆಂತು? ಕಗ್ಗೆರೆಯ ಐತಿಹ್ಯವನ್ನು ಈ ಸೀಮೆಯವರೆಲ್ಲರೂ ಬಲ್ಲರು. ತೋಂಟದ ಸಿದ್ಧಲಿಂಗ ಯತಿಗಳು ತೋಟದಲ್ಲಿ ತಪೋನಿರತರಾಗಿದ್ದಾಗ ಮೈಮೇಲೆ ಹುತ್ತ ಬೆಳೆಯಿತೆಂದೂ, ನಂಬಿಯಣ್ಣನ ಹಸುವು ಹೋಗಿ ಆ ಹುತ್ತದ ಮೇಲೆ ಹಾಲು ಕರೆಯುತ್ತಿತ್ತೆಂದೂ ಹೇಳುತ್ತಾರೆ. ಹಸು ಬಾಯಿಬಿಟ್ಟು ಹೇಳಲಿಲ್ಲ. ಅದರ ನಡೆಯನ್ನು ಗಮನಿಸಿದ್ದರಿಂದಲೇ ಯತಿಗಳಿರುವುದು ತಿಳಿದುಬಂದಿತು. ಭಕ್ತಿಯ ಕಥೆಯಾದರೂ ದನ ಕಟ್ಟಿದವನಿಗೆ ಇದರಲ್ಲಿ ಪಾಠವಿದೆ.

ಆದುದರಿಂದ ನಾನು ಅವರಿಗೆ, ಪಾಪಪುಣ್ಯದ ಮಾತು ಆಮೇಲಿರಲಿ, ಮೊದಲು ಕೊಟ್ಟಿಗೆಗೆ ಹೋಗೋಣ ಎಂದೆನು. ಆರೋಗ್ಯವಾದ ದನವು ದಿನಕ್ಕೆ 6ರಿಂದ 8 ಗಂಟೆಗಳ ಕಾಲ ಮೆಲುಕು ಹಾಕುತ್ತದೆ. ಅದರ ಮೂಗಿನ ಮೇಲೆ ಸದಾ ಹನಿಯಾಡುತ್ತಿರುತ್ತದೆ. ಈ ಎತ್ತು ಒಣಹುಲ್ಲನ್ನು ಮುಟ್ಟುತ್ತಿರಲಿಲ್ಲ. ಆದರೆ ರಾಗಿ ಗಂಜಿಯನ್ನು, ನೆನೆಸಿದ ಬೂಸವನ್ನು, ಸಣ್ಣಗೆ ಕೊಚ್ಚಿದ ಹಸಿಹುಲ್ಲನ್ನು ಇಟ್ಟರೆ ನಾಲಗೆ ಚಾಚಿ ಎಳೆದುಕೊಳ್ಳುತ್ತಿತ್ತು, ಆಮೇಲೆ ಅಲ್ಪಕಾಲ ಮೆಲುಕನ್ನೂ ಹಾಕುತ್ತಿತ್ತು. ಮನೆಯ ಮಗು ಕರೆದರೆ ಕಿವಿ ಹೊರಳಿಸುತ್ತಿತ್ತು. ನೊಣ ಕೂತರೆ ಬಾಲ ಬೀಸುತ್ತಿತ್ತು. ಇಷ್ಟು ಉಳಿದಿರುವ ಜೀವಕ್ಕೆ ಬದುಕು ಭಾರವಾಗಿದೆಯೆಂದು ಹೇಳಲು ನಾವು ಯಾರು?

ಆಮೇಲೆ ಉಳಿದದ್ದು ಕಾಯಕ. ಭಾರವಾದ ದನವು ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಕೆಳಗಿನ ಮಾಂಸಖಂಡವೂ ನರವೂ ಅದುಮಿ ಸತ್ತುಹೋಗುತ್ತವೆ. ಪೂರ್ತಿ ಅಡ್ಡಬಿದ್ದರೆ ಹೊಟ್ಟೆಯುಬ್ಬರವೂ ಆಗುತ್ತದೆ. ಮಂದವಾಗಿ ಹುಲ್ಲು ಹಾಸಬೇಕು, ಹುಲ್ಲು ತುಂಬಿದ ಚೀಲಗಳನ್ನು ಒತ್ತುಕೊಟ್ಟು ಎದೆಯ ಮೇಲೆ ಕೂರಿಸಬೇಕು, ಹಗಲಿರುಳೆನ್ನದೆ ಕೆಲವು ಗಂಟೆಗಳಿಗೊಮ್ಮೆ ಮಗ್ಗುಲು ಬದಲಿಸಬೇಕು. ನೋಡಲಾಗುವುದಿಲ್ಲ ಎನ್ನುವ ಬಹುಮಂದಿ ನಿಜಕ್ಕೂ ಹೊರಳಿಸಲಾರದವರು. (ಜಾತ್ರೆಯಲ್ಲಿ ಕೊಂಡಾಗ ಹಲ್ಲನ್ನೂ ಸುಳಿಯನ್ನೂ ಎಷ್ಟು ಜಾಗರೂಕತೆಯಿಂದ ನೋಡಿದ್ದೆವು!) ಇನ್ನು ಮುಪ್ಪಿನ ದನವನ್ನು ರಾತ್ರೋರಾತ್ರಿ ದಲ್ಲಾಳಿಗೆ ಒಪ್ಪಿಸಿ, ಎಲ್ಲೋ ಚೆನ್ನಾಗಿದೆಯೆಂದು ಹೇಳಿಕೊಳ್ಳುವವರ ವಿಷಯದಲ್ಲಿ ವಿಚಾರ ಮಾಡತಕ್ಕದ್ದೇನೂ ಇಲ್ಲ. ಉತ್ತವನ ಪಾಲನ್ನು ಉಣ್ಣಿಸುವುದು ದಾನವಲ್ಲ, ಸಾಲ ತೀರಿಸುವುದು.

ಆದರೆ ಎದುರು ಪಕ್ಷದ ತಪ್ಪನ್ನೂ ಹೇಳಬೇಕು. ಅದನ್ನು ಮಾಡಿದವನು ನಾನೇ. 2013ರಲ್ಲಿ ಕಾಲುಬಾಯಿ ಜ್ವರವು ನಮ್ಮ ನಾಡಿನ ಕೊಟ್ಟಿಗೆಗಳನ್ನು ಬರಿದು ಮಾಡಿದಾಗ ನಮ್ಮ ಮನೆಯ ಹಸುವಿಗೂ ತಗುಲಿತು. ಬಾಯೆಲ್ಲ ಹುಣ್ಣು, ಗೊರಸು ಕಳಚಿ ಹುಳು. ಇನ್ನು ಆಸೆಯಿಲ್ಲವೆಂದು ವೈದ್ಯರು ಹೇಳಿದ ಮೇಲೂ, ನನ್ನ ತಾಯಿ ಸಾಕಿದ ಹಸುವೆಂಬ ಮೋಹದಿಂದ, ಗೊಟ್ಟದಲ್ಲಿ ಗಂಜಿ ಹೊಯ್ಯುತ್ತ ಬಾಟಲಿಯ ಮೇಲೆ ಬಾಟಲಿ ಏರಿಸುತ್ತ ಒಂಬತ್ತು ದಿನ ಹಿಡಿದಿಟ್ಟೆನು. ಅದು ಹಲ್ಲು ಕಡಿಯುತ್ತಿದ್ದ ಸದ್ದು ಈಗಲೂ ಕೇಳಿಸುತ್ತದೆ. ಅಂದು ನಾನು ದಯೆಯೆಂದು ತಿಳಿದದ್ದು ಮಮಕಾರ. ಶರಣರು ತ್ಯಜಿಸಬೇಕೆಂದು ಹೇಳಿದ ಮಮಕಾರವು ಹೊನ್ನು ಮಣ್ಣುಗಳಲ್ಲಿ ಮಾತ್ರವೇ ಇರುತ್ತದೆಂದು ನಂಬಿದ್ದೆನಲ್ಲ!

1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಕರುವೊಂದು ಮಗ್ಗುಲು ತಿರುಗಿಸಲೂ ಆಗದ ನೋವಿನಲ್ಲಿ ಬಿದ್ದಿತ್ತು. ವೈದ್ಯರು ಕೈಬಿಟ್ಟ ಮೇಲೆ ಗಾಂಧೀಜಿಯವರು ಆಶ್ರಮದವರೊಡನೆ ಚರ್ಚಿಸಿ, ತಾವೇ ಎದುರು ನಿಂತು, ಸೂಜಿಮದ್ದಿನಿಂದ ಅದರ ಪ್ರಾಣ ಬಿಡಿಸಿದರು. ದೇಶದಲ್ಲೆಲ್ಲ ಕೋಲಾಹಲವಾಯಿತು. ಅದು ಅಹಿಂಸೆಯೇ ಎಂದು ಅವರು ಬರೆದರು. ಆದರೆ ಅದೇ ಸಂದರ್ಭದಲ್ಲಿ, ಬೆಳೆ ಹಾಳುಮಾಡುವ ಕೋತಿಗಳನ್ನು ಕೊಂದರೆ ಅದು ಹಿಂಸೆಯೇ ಸರಿ, ಏಕೆಂದರೆ ಅಲ್ಲಿ ನಮ್ಮ ಲಾಭವಿದೆ ಎಂದೂ ಒಪ್ಪಿಕೊಂಡರು. ಈ ಎರಡನೆಯ ಮಾತನ್ನು ಜನರು ಮರೆತಿದ್ದಾರೆ. ಬದುಕಿಸಿಡುವುದೇ ಕ್ರೌರ್ಯವಾಗುವ ಸಂದರ್ಭವುಂಟೆಂದು 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯೂ ಒಪ್ಪುತ್ತದೆ. ಆದರೆ ಗೋವಂಶದ ವಿಷಯದಲ್ಲಿ ನಮ್ಮ ರಾಜ್ಯದ 2020ರ ಕಾಯಿದೆಯೂ ಇರುವುದರಿಂದ, ಸರ್ಕಾರಿ ಪಶುವೈದ್ಯರ ಅಭಿಪ್ರಾಯವಿಲ್ಲದೆ ಗೃಹಸ್ಥನು ಹೆಜ್ಜೆಯಿಡತಕ್ಕದ್ದಲ್ಲ.

ಜೀವವು ಶಿವನದು, ಅದನ್ನು ತೆಗೆಯುವ ಹಕ್ಕು ನಮಗಿಲ್ಲ ಎಂದು ಕೆಲವು ಹಿರಿಯರು ವಾದಿಸುತ್ತಾರೆ. ಗೌರವಾರ್ಹವಾದ ಮಾತು. ಆದರೆ ಶಿವನದಾದ ಜೀವವನ್ನು ನೋವಿನಲ್ಲಿ ಕಟ್ಟಿಹಾಕುವ ಹಕ್ಕು ಎಲ್ಲಿಂದ ಬಂದಿತು? ಮೇವು ಬಿಟ್ಟು, ಮೆಲುಕು ನಿಂತು, ನೋವಿನ ಮದ್ದೂ ಹಿಡಿಯದೆ, ವೈದ್ಯರೂ ಕೈಬಿಟ್ಟಾಗ, ನಮ್ಮ ಖರ್ಚು ಬೇಸರಗಳನ್ನು ಪೂರ್ತಿ ಬದಿಗಿಟ್ಟು ಮಾಡುವ ಬೀಳ್ಕೊಡುಗೆಯನ್ನು ಹಿಂಸೆಯೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಬದಿಗಿಟ್ಟೆವೋ ಇಲ್ಲವೋ ಎಂಬುದನ್ನು ಮಾತ್ರ ಇಷ್ಟಲಿಂಗದ ಮುಂದೆ ಕುಳಿತು ತಾನೇ ಕೇಳಿಕೊಳ್ಳಬೇಕು. ಅದಕ್ಕೆ ಬೇರೆ ಸಾಕ್ಷಿಯಿಲ್ಲ.

ಆ ಭಕ್ತರು ಮಗನೊಡನೆ ಸೇರಿ ಹನ್ನೆರಡು ದಿನ ಎತ್ತನ್ನು ಹೊರಳಿಸಿದರು. ಹದಿಮೂರನೆಯ ದಿನ ಮೆಲುಕು ನಿಂತಿತು, ಮುಟ್ಟಿದರೆ ನರಳತೊಡಗಿತು. "ಅದೇ ಹೇಳ್ತಾ ಅದೆ, ಅಯ್ನೋರೇ" ಎಂದರು. ಬೆಳಗ್ಗೆ ವೈದ್ಯರನ್ನು ಕರೆತಂದು, ಅವರು ಹೇಳಿದಂತೆ ನಡೆಯುವುದೆಂದು ಇಬ್ಬರೂ ನಿಶ್ಚಯಿಸಿದೆವು. ಅಷ್ಟರಲ್ಲಿ ಬೆಳಗಿನ ಜಾವಕ್ಕೆ ಅದು ತಾನಾಗಿಯೇ ಹೊರಟುಹೋಗಿತ್ತು. ಅವರ ವೃದ್ಧ ತಾಯಿ ಅದರ ಹಣೆಗೆ ವಿಭೂತಿ ಹಚ್ಚಿದರು. ತೋಟದ ಅಂಚಿನ ತೆಂಗಿನ ಬಳಿ ಗುಂಡಿ ತೋಡಿ ಮಣ್ಣು ಮಾಡಿ ಬಂದ ಮೇಲೆ, ಭಕ್ತರು ಒತ್ತುಕೊಟ್ಟಿದ್ದ ಚೀಲಗಳನ್ನು ಬಿಸಿಲಿಗೆ ಹಾಕಿ, ಕೊರಳ ಗಂಟೆಯನ್ನು ತೊಳೆದು ಗೂಟಕ್ಕೆ ತೂಗುಹಾಕಿದರು.